ಮೂರ್ತಿ ಚಿಕ್ಕದು, ಒದೆತ ದೊಡ್ಡದು: ಹೊಸ ಪುಟ್ಟ ಪಿಸ್ತೂಲನ್ನು ನಂಬುವ ಮುನ್ನ

ಹೊಸ ಪಿಸ್ತೂಲು ತೆಗೆದುಕೊಂಡು ಮೊದಲ ಸಲ ಗುಂಡು ಹೊಡೆಯುವ ಅಭ್ಯಾಸದ ರೇಂಜಿಗೆ ಹೋದ ದಿನ ಐದು ಗುಂಡು ಚೆನ್ನಾಗಿಯೇ ಹಾರಿದವು. ಆರನೆಯದಕ್ಕೆ ಟ್ರಿಗರ್ ಒತ್ತಿದರೆ ಏನೂ ಆಗಲಿಲ್ಲ. ನೋಡಿದರೆ, ಐದನೇ ಗುಂಡಿನ ಖಾಲಿ ಕೇಸ್ (ಮದ್ದು ತುಂಬಿದ್ದ ಲೋಹದ ಕೋಶ) ಹೊರಗೆ ಹಾರದೆ, ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯುವ ಸ್ಲೈಡಿನ ಬಾಯಲ್ಲೇ ಸಿಕ್ಕಿಕೊಂಡು, ಹೊಗೆಕೊಳವೆಯ ಹಾಗೆ ನೆಟ್ಟಗೆ ನಿಂತಿತ್ತು. ‘ಮಾಲೇ ಸರಿಯಿಲ್ಲ’ ಎಂದು ಗೊಣಗಿದೆ. ಪಕ್ಕದಲ್ಲಿದ್ದ ತರಬೇತುದಾರರು ಪಿಸ್ತೂಲು ಇಸಿದುಕೊಂಡು, ಗುಂಡು ಹಾಕುವ ಮ್ಯಾಗಜೀನನ್ನು ಎರಡು ಸಲ ತುಂಬಿಸಿ, ಒಂದೂ ತಡೆಯಿಲ್ಲದೆ ಹೊಡೆದು ವಾಪಸ್ ಕೊಟ್ಟರು. ‘ಪಿಸ್ತೂಲು ಚೆನ್ನಾಗೇ ಇದೆ ಸರ್. ನಿಮ್ಮ ಮಣಿಕಟ್ಟು ಸಡಿಲ’ ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಯಿತು ನನ್ನ ಕಥೆ.

ಜೇಬಿನಲ್ಲಿ ಅಥವಾ ಸೊಂಟದಲ್ಲಿ ಇಟ್ಟುಕೊಳ್ಳುವ ಪುಟ್ಟ ಪಿಸ್ತೂಲಿನ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ. ಚಿಕ್ಕದು, ಹಾಗಾಗಿ ಹೊಡೆಯಲು ಸುಲಭ ಅಂತ. ನಿಜ ಏನೆಂದರೆ ಅದನ್ನು ಒಯ್ಯುವುದು ಸುಲಭ, ಹೊಡೆಯುವುದು ಕಷ್ಟ. ಆದ್ದರಿಂದಲೇ ಡಬ್ಬಿಯಿಂದ ತೆಗೆದು ಸೀದಾ ಸೊಂಟಕ್ಕೆ ಸಿಕ್ಕಿಸಿಕೊಳ್ಳಬಾರದು. ‘ಯುದ್ಧಕಾಲೇ ಶಸ್ತ್ರಾಭ್ಯಾಸ’ ಅಂತ ನಾವು ಪರೀಕ್ಷೆಯ ಹಿಂದಿನ ರಾತ್ರಿ ಓದುವವರನ್ನು ಆಡಿಕೊಳ್ಳುತ್ತೇವಲ್ಲ, ಇಲ್ಲಿ ಅದು ಅಕ್ಷರಶಃ ನಿಜ. ಲೈಸೆನ್ಸ್, ಜೊತೆಯಲ್ಲಿ ಒಯ್ಯುವ ಅನುಮತಿ ಎರಡೂ ನಿಮ್ಮಲ್ಲಿವೆ ಎಂದುಕೊಂಡೇ ಮುಂದಿನದನ್ನು ಬರೆಯುತ್ತಿದ್ದೇನೆ. ಕಾನೂನು ಒಂದೊಂದು ಕಡೆ ಒಂದೊಂದು ಥರ. ಅದನ್ನು ಮೊದಲು ತಿಳಿದುಕೊಳ್ಳಿ.

ಚಿಕ್ಕದು ಯಾಕೆ ಕಷ್ಟ?

ಲೆಕ್ಕ ಹಾಕೋಣ. ಗ್ಲಾಕ್ 19 ಮಧ್ಯಮ ಗಾತ್ರದ ಪಿಸ್ತೂಲು. ಖಾಲಿಯಿದ್ದಾಗ ಸುಮಾರು 600 ಗ್ರಾಂ, ನಳಿಗೆ 102 ಮಿಲಿಮೀಟರ್. 2008ರಲ್ಲಿ ಬಂದ ರೂಗರ್ ಎಲ್‌ಸಿಪಿ ತೂಗುವುದು ಸುಮಾರು 270 ಗ್ರಾಂ, ನಳಿಗೆ 70 ಮಿಲಿಮೀಟರ್. ಎಲ್‌ಸಿಪಿ ಹಾರಿಸುವ ಪಾಯಿಂಟ್ 380 ಎಸಿಪಿ ಗುಂಡು ಜಾನ್ ಬ್ರೌನಿಂಗ್ 1908ರಲ್ಲಿ ತಂದದ್ದು. ಅದರ ಕೇಸ್ 17 ಮಿಲಿಮೀಟರ್ ಉದ್ದ. ಮಾಮೂಲಿ 9 ಎಂಎಂ ಗುಂಡಿನದು 19. ಗುಂಡಿನ ಬಲ ಕಡಿಮೆ ಅನ್ನೋದು ಹೌದು. ಆದರೆ ಪಿಸ್ತೂಲಿನ ತೂಕ ಅರ್ಧಕ್ಕಿಂತ ಕಡಿಮೆ, ಹಿಡಿ ಸಣ್ಣದು. ಗುಂಡು ಹಾರಿದಾಗ ಹಿಂದಕ್ಕೆ ಬರುವ ಒದೆತ ಅಂಗೈಗೆ ಚುರುಕ್ ಅಂತ ನಾಟುತ್ತದೆ. 2018ರಲ್ಲಿ ಬಂದ ಸಿಗ್ ಪಿ365ನಂಥವು ಅರ್ಧ ಕಿಲೋ ಆಸುಪಾಸಿನ ಮೈಯಲ್ಲಿ ಪೂರ್ತಿ 9 ಎಂಎಂ ಗುಂಡನ್ನೇ ಹಾರಿಸುತ್ತವೆ. ಅವುಗಳ ಒದೆತ ಇನ್ನೊಂದು ಬಗೆ.

ಗುರಿಯದ್ದೂ ಅದೇ ಕಥೆ. ಹಿಂದಿನ ಗುರಿಗಂಡಿಗೂ ಮುಂದಿನ ಗುರಿಕಡ್ಡಿಗೂ ನಡುವೆ 150 ಮಿಲಿಮೀಟರ್ ಇದ್ದು, ಜೋಡಣೆ ಒಂದು ಮಿಲಿಮೀಟರ್ ತಪ್ಪಿದರೆ, 7 ಮೀಟರ್ ದೂರದಲ್ಲಿ ಗುಂಡು ಸುಮಾರು 47 ಮಿಲಿಮೀಟರ್ ಆಚೀಚೆ ಬೀಳುತ್ತದೆ. ಆ ನಡುವಿನ ಅಂತರ 100 ಮಿಲಿಮೀಟರ್ ಇದ್ದರೆ ಅದೇ ತಪ್ಪಿಗೆ 70. ಕೈ ಅದೇ, ಕಣ್ಣು ಅದೇ. ಪಿಸ್ತೂಲು ಮಾತ್ರ ತಪ್ಪನ್ನು ದೊಡ್ಡದು ಮಾಡಿ ತೋರಿಸುತ್ತದೆ.

ಇನ್ನು ನನ್ನ ಮಣಿಕಟ್ಟಿನ ವಿಷಯ. ಗುಂಡು ಹಾರಿದಾಗ ಸ್ಲೈಡ್ ಹಿಂದಕ್ಕೆ ಸರಿದು ಖಾಲಿ ಕೇಸನ್ನು ಎಸೆಯಬೇಕು, ಆಮೇಲೆ ಸ್ಪ್ರಿಂಗ್ ಅದನ್ನು ಮುಂದಕ್ಕೆ ತಳ್ಳುವಾಗ ಹೊಸ ಗುಂಡನ್ನು ಎತ್ತಿಕೊಳ್ಳಬೇಕು. ಪುಟ್ಟ ಪಿಸ್ತೂಲಿನ ಸ್ಲೈಡ್ ಹಗುರ, ಸ್ಪ್ರಿಂಗ್ ಬಿಗಿ, ಸರಿಯಲು ಜಾಗವೂ ಕಡಿಮೆ. ಹಿಡಿ ಗಟ್ಟಿಯಾಗಿ ನಿಂತರೆ ಮಾತ್ರ ಸ್ಲೈಡಿಗೆ ಪೂರ್ತಿ ಓಟ ಸಿಗುತ್ತದೆ. ಕೈಯೂ ಜೊತೆಗೇ ಹಿಂದಕ್ಕೆ ಹೋದರೆ ಓಟ ಅರ್ಧದಲ್ಲೇ ನಿಲ್ಲುತ್ತದೆ, ಕೇಸ್ ಸಿಕ್ಕಿಕೊಳ್ಳುತ್ತದೆ.

ಮೊದಲ ಹೆಜ್ಜೆ ಮನೆಯಲ್ಲೇ

ನಾಲ್ಕು ನಿಯಮ ಯಾವಾಗಲೂ ಜೊತೆಗಿರಲಿ. ಪ್ರತಿ ಪಿಸ್ತೂಲಿನಲ್ಲೂ ಗುಂಡಿದೆ ಎಂದೇ ನಡೆದುಕೊಳ್ಳಿ. ಹಾಳಾಗಬಾರದ ಯಾವುದರ ಕಡೆಗೂ ನಳಿಗೆ ತಿರುಗಬಾರದು. ಗುರಿ ಹಿಡಿದು ಹೊಡೆಯಲು ನಿರ್ಧರಿಸುವವರೆಗೆ ಬೆರಳು ಟ್ರಿಗರಿನಿಂದ ಹೊರಗಿರಲಿ. ಗುರಿ ಏನು, ಅದರ ಹಿಂದೆ ಏನಿದೆ ಎರಡೂ ಗೊತ್ತಿರಲಿ. ನಳಿಗೆ ಗಿಡ್ಡ ಇದ್ದಷ್ಟೂ ಎರಡನೇ ನಿಯಮ ಮುರಿಯುವುದು ಸುಲಭ. ಮಣಿಕಟ್ಟು ಸ್ವಲ್ಪ ತಿರುಗಿದರೂ ನಳಿಗೆ ಪಕ್ಕದವರ ಕಡೆ ಹೋಗಿರುತ್ತದೆ.

ಖಾಲಿ ಮಾಡುವ ಕ್ರಮವನ್ನು ಕೈಗೆ ರೂಢಿ ಮಾಡಿಸಿ. ಮೊದಲು ಮ್ಯಾಗಜೀನ್ ಹೊರಕ್ಕೆ. ಆಮೇಲೆ ಸ್ಲೈಡ್ ಎಳೆದು ಚೇಂಬರಿನಲ್ಲಿ, ಅಂದರೆ ನಳಿಗೆಯ ಹಿಂದಿನ ತುದಿಯಲ್ಲಿ, ಕೂತಿರುವ ಗುಂಡು ಹೊರಕ್ಕೆ. ಆಮೇಲೆ ಕಣ್ಣಲ್ಲಿ ನೋಡಿ, ಕಿರುಬೆರಳು ಹಾಕಿ ಮುಟ್ಟಿ. ಈ ಕ್ರಮ ತಿರುಗುಮುರುಗಾದರೆ ಅನಾಹುತ. ಮ್ಯಾಗಜೀನ್ ಒಳಗಿರುವಾಗಲೇ ಸ್ಲೈಡ್ ಎಳೆದರೆ ಒಂದು ಗುಂಡು ಹೊರಗೆ ಬೀಳುತ್ತದೆ, ಅದರ ಹಿಂದೆಯೇ ಇನ್ನೊಂದು ಚೇಂಬರಿಗೆ ಹೋಗಿ ಕೂರುತ್ತದೆ. ನೀವು ಮ್ಯಾಗಜೀನ್ ತೆಗೆದು ‘ಖಾಲಿ’ ಅಂದುಕೊಳ್ಳುತ್ತೀರಿ.

ಇಷ್ಟಾದ ಮೇಲೆ ಕೈಪಿಡಿ ಓದಿ. ಬೇಜಾರಿನ ಕೆಲಸ, ಆದರೂ ಓದಿ. ಕಾರ್ಖಾನೆಯಿಂದ ಬರುವಾಗ ಬಳಿದಿರುವ ಎಣ್ಣೆ ತುಕ್ಕು ಹಿಡಿಯದಿರಲೆಂದು. ಅದನ್ನು ಒರೆಸಿ, ಕೈಪಿಡಿ ಹೇಳಿದ ಜಾಗಗಳಿಗೆ ಮಾತ್ರ ಒಂದೊಂದು ಹನಿ ಎಣ್ಣೆ ಬಿಡಿ.

ಖಾಲಿ ಪಿಸ್ತೂಲಿನ ಅಭ್ಯಾಸ

ನಿಜವಾದ ಕಲಿಕೆ ಮುಕ್ಕಾಲು ಪಾಲು ಇಲ್ಲೇ ಆಗುತ್ತದೆ ಅನ್ನೋದು ನನ್ನ ಅನುಭವ. ಖರ್ಚಿಲ್ಲ, ಸದ್ದಿಲ್ಲ, ಒದೆತವಿಲ್ಲ. ಗುಂಡುಗಳೆಲ್ಲ ಬೇರೆ ಕೋಣೆಯಲ್ಲಿರಲಿ. ಎದುರಿಗೆ ಗುಂಡು ದಾಟದಂಥ ಗಟ್ಟಿ ಗೋಡೆ ಇರಲಿ. ಪಿಸ್ತೂಲು ಖಾಲಿ ಇದೆಯಾ ಅಂತ ಎರಡು ಸಲ ನೋಡಿ. ಗೋಡೆಯ ಮೇಲೆ ಚಿಕ್ಕ ಚುಕ್ಕಿ ಇಟ್ಟು, ಗುರಿ ಹಿಡಿದು, ಟ್ರಿಗರನ್ನು ನಿಧಾನ ಒತ್ತಿ. ‘ಟಕ್’ ಅನ್ನುವಾಗ ಮುಂದಿನ ಗುರಿಕಡ್ಡಿ ಅಲುಗಿತಾ? ಅಲುಗಿದರೆ ಮತ್ತೆ. ಸ್ಲೈಡಿನ ಮೇಲೆ ಒಂದು ನಾಣ್ಯ ಇಟ್ಟು ಬೀಳಿಸದೆ ಒತ್ತುವ ಆಟ ಹಳೆಯದು, ಆದರೆ ಅದರಷ್ಟು ನಿಷ್ಠುರವಾಗಿ ಹೇಳುವ ಮೇಷ್ಟ್ರು ಇಲ್ಲ. ಪಾಯಿಂಟ್ 22 ಎಂಬ ಸಣ್ಣ ಗುಂಡಿನ ಪಿಸ್ತೂಲನ್ನು ಹೀಗೆ ಖಾಲಿ ಒತ್ತಿದರೆ, ಗುಂಡಿಗೆ ಬಡಿದು ಹೊತ್ತಿಸುವ ಸೂಜಿ ಚೇಂಬರಿನ ಅಂಚಿಗೆ ಬಡಿದು ಹಾಳಾಗಬಹುದು. ಅದಕ್ಕೆ ಡಮ್ಮಿ ಗುಂಡು, ಅಂದರೆ ಮದ್ದಿಲ್ಲದ ನಕಲಿ ಗುಂಡು ಬೇಕು.

ಹತ್ತು ನಿಮಿಷ ಸಾಕು. ಅಪಾಯದ ಕ್ಷಣ ಅಭ್ಯಾಸದ ನಡುವೆ ಇಲ್ಲ, ಮುಗಿದ ಮೇಲೆ ಇದೆ. ಗುಂಡು ತುಂಬಿಸಿಯಾಗಿರುತ್ತದೆ, ‘ಇನ್ನೊಂದೇ ಒಂದು ಸಲ’ ಅಂತ ಮನಸ್ಸು ಕೇಳುತ್ತದೆ. ನಾನು ‘ಮುಗೀತು’ ಅಂತ ಬಾಯಿಬಿಟ್ಟು ಹೇಳಿ, ಆ ಚುಕ್ಕಿಯ ಚೀಟಿಯನ್ನೇ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತೇನೆ. ಮನೆಯವರು ನಗುತ್ತಾರೆ. ನಗಲಿ.

ರೇಂಜಿನಲ್ಲಿ ಮೊದಲ ದಿನ

ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ. ಪಿಸ್ತೂಲಿನ ಸದ್ದು 140 ಡೆಸಿಬಲ್ ದಾಟುತ್ತದೆ. ಒಂದೇ ಒಂದು ಗುಂಡಿನ ಸದ್ದೂ ಕಿವಿಗೆ ಪೆಟ್ಟು ಕೊಡಬಹುದು. ಸೂರು ಇರುವ ರೇಂಜಾದರೆ ಕಿವಿಯೊಳಗೆ ಬಿರಡೆ, ಮೇಲೆ ಕಿವಿ ಮುಚ್ಚುವ ಮಫ್ ಎರಡೂ ಹಾಕಿ.

ಗುರಿ 3 ಮೀಟರಿನಲ್ಲಿರಲಿ. ನಾಚಿಕೆ ಬೇಡ. ಮೊದಲು ಮ್ಯಾಗಜೀನಿಗೆ ಒಂದೇ ಗುಂಡು ತುಂಬಿ ಹೊಡೆಯಿರಿ. ಆಮೇಲೆ ಎರಡು. ಒದೆತ ಎಷ್ಟು ಅಂತ ಗೊತ್ತಿಲ್ಲದ ಕೈಯಲ್ಲಿ ಪೂರ್ತಿ ತುಂಬಿದ ಪಿಸ್ತೂಲು ಇದ್ದರೆ, ಬೆಚ್ಚಿದ ಬೆರಳು ಎರಡನೆಯದನ್ನೂ ಹಾರಿಸಿಬಿಡಬಹುದು.

ಹಿಡಿತದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಬಲಗೈಯವರಾದರೆ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಸಂದು ಹಿಡಿಯ ಹಿಂಭಾಗದಲ್ಲಿ ಎಷ್ಟು ಮೇಲೆ ಹೋಗುತ್ತದೋ ಅಷ್ಟು ಮೇಲೆ ಕೂರಲಿ. ಸ್ಲೈಡಿಗೆ ಮಾತ್ರ ತಾಗಬಾರದು. ತಾಗಿದರೆ ಅದು ಹಿಂದಕ್ಕೆ ಬರುವಾಗ ಚರ್ಮ ಸೀಳುತ್ತದೆ. ಕಿರುಬೆರಳಿಗೆ ಸಾಮಾನ್ಯವಾಗಿ ಜಾಗವೇ ಇರುವುದಿಲ್ಲ. ಅದನ್ನು ಗಾಳಿಯಲ್ಲಿ ತೂಗಾಡಿಸಬೇಡಿ, ಮ್ಯಾಗಜೀನಿನ ತಳಕ್ಕೆ ಮಡಚಿ ಒತ್ತಿ. ಎಡಗೈ ಬೆರಳುಗಳು ಬಲಗೈ ಬೆರಳುಗಳ ಮೇಲೆ ಬಂದು ಬಿಗಿಯಾಗಿ ಅಪ್ಪಲಿ. ಮಣಿಕಟ್ಟು ಗಟ್ಟಿ. ಇನ್ನು ಎಡಗೈಯ ಯಾವ ಬೆರಳೂ ನಳಿಗೆಯ ಬಾಯಿಯ ಹತ್ತಿರ ಹೋಗಬಾರದು. ದೊಡ್ಡ ಪಿಸ್ತೂಲಿನಲ್ಲಿ ಹೆಬ್ಬೆರಳನ್ನು ಮುಂದಕ್ಕೆ ಚಾಚಿ ಹಿಡಿದು ರೂಢಿಯಾದವರು ಇಲ್ಲಿ ಹುಷಾರಾಗಿರಬೇಕು. ಅಲ್ಲಿ ಸ್ಲೈಡ್ ಇದ್ದ ಜಾಗದಲ್ಲಿ ಇಲ್ಲಿ ನಳಿಗೆಯ ಬಾಯಿ ಇರುತ್ತದೆ.

ಸ್ಪ್ರಿಂಗ್ ಬಿಗಿ ಅಂತ ಸ್ಲೈಡ್ ಎಳೆಯಲು ಹೆಣಗಾಡುವವರಿಗೆ ಒಂದು ಉಪಾಯ. ಸ್ಲೈಡನ್ನು ಎಡಗೈ ಮುಷ್ಟಿಯಲ್ಲಿ ಹಿಡಿದು ಎದೆಯ ಹತ್ತಿರ ಸ್ಥಿರವಾಗಿಟ್ಟು, ಬಲಗೈಯಿಂದ ಹಿಡಿಯನ್ನು ಮುಂದಕ್ಕೆ ನೂಕಿ. ಎಳೆಯುವುದಕ್ಕಿಂತ ನೂಕುವುದು ಸುಲಭ. ನಳಿಗೆ ಮಾತ್ರ ಗುರಿಯ ಕಡೆಗೇ ಇರಲಿ.

ಬಲಗೈಯವರ ಗುಂಡುಗಳು ಕೆಳಗೆ ಎಡಕ್ಕೆ ಗುಂಪಾಗಿ ಬೀಳುತ್ತಿದ್ದರೆ ಗುರಿಕಡ್ಡಿಯನ್ನು ಬಯ್ಯಬೇಡಿ. ಒದೆತಕ್ಕೆ ಹೆದರಿ ಕೈ ಮೊದಲೇ ಕುಗ್ಗುತ್ತಿದೆ. ಇದಕ್ಕೆ ಮದ್ದು ಇದೆ. ಜೊತೆಯವರಿಗೆ ಹೇಳಿ ಮ್ಯಾಗಜೀನಿನಲ್ಲಿ ಒಂದೆರಡು ಡಮ್ಮಿ ಗುಂಡು ಬೆರೆಸಿ ಕೊಡಲು ಹೇಳಿ. ಡಮ್ಮಿ ಬಂದಾಗ ಸದ್ದಿಲ್ಲ, ಒದೆತವಿಲ್ಲ, ಆದರೂ ನಳಿಗೆ ಪಟಕ್ಕನೆ ತಲೆಬಾಗುತ್ತದೆ. ನನ್ನದು ಬಾಗಿದ್ದು ನೋಡಿ ನನಗೇ ನಗು ಬಂತು. ಒಮ್ಮೆ ಕಣ್ಣಿಗೆ ಬಿದ್ದರೆ ತಿದ್ದಿಕೊಳ್ಳುವುದು ಕಷ್ಟವಲ್ಲ.

50-60 ಗುಂಡಿಗೆ ನಿಲ್ಲಿಸಿ. ಅಂಗೈ ಉರಿಯತೊಡಗಿದ ಮೇಲೆ ಹೊಡೆಯುವ ಪ್ರತಿ ಗುಂಡೂ ಹೆದರಿಕೆಯನ್ನೇ ಕಲಿಸುತ್ತದೆ. 3 ಮೀಟರಿನಲ್ಲಿ ಗುಂಡುಗಳೆಲ್ಲ ಅಂಗೈಯಗಲದೊಳಗೆ ಬೀಳತೊಡಗಿದಾಗ 5ಕ್ಕೆ, ಆಮೇಲೆ 7ಕ್ಕೆ ಹೋಗಿ. ಎರಡು ಕೈಯ ಹಿಡಿತ ಕೂತ ಮೇಲೆ ಬಲಗೈ ಒಂದರಲ್ಲೇ, ಎಡಗೈ ಒಂದರಲ್ಲೇ ಕೆಲವು ಗುಂಡು ಹೊಡೆದು ನೋಡಿ. ಮಣಿಕಟ್ಟಿನ ಬಣ್ಣ ಬಯಲಾಗುವುದು ಆಗಲೇ.

ಪುಸ್ತಕದಲ್ಲಿ ಬರೆದಿಡಿ

ಇಲ್ಲಿಯವರೆಗೆ ನಿಮ್ಮ ಪರೀಕ್ಷೆ. ಇನ್ನು ಪಿಸ್ತೂಲಿನದು. ಮ್ಯಾಗಜೀನುಗಳ ತಳಕ್ಕೆ 1, 2, 3 ಅಂತ ನಂಬರ್ ಹಾಕಿ. ಎಷ್ಟು ಗುಂಡು, ಯಾವ ಮ್ಯಾಗಜೀನ್, ಎಲ್ಲಿ ತಡೆ ಅಂತ ಒಂದು ಸಣ್ಣ ಪುಸ್ತಕದಲ್ಲಿ ಬರೆಯುತ್ತಾ ಹೋಗಿ. ತಡೆಗೆ ಕಾರಣ ಬಹಳ ಸಲ ಪಿಸ್ತೂಲಲ್ಲ, ಒಂದು ಮ್ಯಾಗಜೀನ್. ನಂಬರ್ ಇಲ್ಲದಿದ್ದರೆ ಅದು ಗೊತ್ತೇ ಆಗುವುದಿಲ್ಲ.

ಅನುಭವಸ್ಥರು ಸಾಮಾನ್ಯವಾಗಿ ಹೇಳುವ ಲೆಕ್ಕ: ಅಭ್ಯಾಸದ ಗುಂಡು 200, ಅದರ ಮೇಲೆ ನಿಜವಾಗಿ ಜೊತೆಯಲ್ಲಿ ಒಯ್ಯುವ ಗುಂಡು 50, ಎಲ್ಲವೂ ತಡೆಯಿಲ್ಲದೆ ಹಾರಬೇಕು. ಇದು ಶಾಸ್ತ್ರವೇನಲ್ಲ, ಆದರೆ ಇದಕ್ಕಿಂತ ಕಡಿಮೆಗೆ ನನಗೆ ಧೈರ್ಯ ಬರುವುದಿಲ್ಲ. ಎರಡು ಬಗೆ ಯಾಕೆ ಅಂದರೆ, ಅಭ್ಯಾಸದ ಗುಂಡಿನ ಮೂತಿ ದುಂಡಗಿರುತ್ತದೆ, ಚೇಂಬರಿನ ಇಳಿಜಾರಿನಲ್ಲಿ ನುಣ್ಣಗೆ ಜಾರುತ್ತದೆ. ಒಯ್ಯುವ ಗುಂಡಿನ ಮೂತಿಯಲ್ಲಿ ಕುಳಿ ಇರುತ್ತದೆ, ಅದರ ಅಂಚು ಇಳಿಜಾರಿಗೆ ತಗುಲಿ ನಿಲ್ಲಬಹುದು. ತೂಕವೂ ಬೇರೆ ಇದ್ದರೆ ಗುರಿಯಲ್ಲಿ ಬೀಳುವ ಜಾಗವೂ ಸ್ವಲ್ಪ ಬೇರೆ. ದುಬಾರಿ ಅಂತ ಅದನ್ನು ಹೊಡೆಯದೆ ಇಡುವವರೇ ಜಾಸ್ತಿ. ‘ಪ್ಲಸ್ ಪಿ’ ಅಂತ ಬರೆದಿರುವ ಜೋರಿನ ಗುಂಡು ಹಾಕುವ ಮೊದಲು ಕೈಪಿಡಿ ಒಪ್ಪುತ್ತದಾ ನೋಡಿ. ತಡೆ ಬಂದು, ಕಾರಣ ಸರಿಪಡಿಸಿದ ಮೇಲೆ ಎಣಿಕೆ ಮತ್ತೆ ಸೊನ್ನೆಯಿಂದ.

ತಡೆ ಬಿಡಿಸುವುದನ್ನೂ ಡಮ್ಮಿ ಗುಂಡಿನಲ್ಲೇ ಕಲಿಯಿರಿ. ಮ್ಯಾಗಜೀನಿನ ತಳಕ್ಕೆ ಅಂಗೈಯಿಂದ ಒಂದು ಏಟು, ಸ್ಲೈಡ್ ಪೂರ್ತಿ ಎಳೆದು ಬಿಡುವುದು. ಸಾಮಾನ್ಯ ತಡೆಗಳು ಇಷ್ಟಕ್ಕೇ ಬಿಡುತ್ತವೆ. ಆದರೆ ನಿಜವಾದ ಗುಂಡು ‘ಟಕ್’ ಎಂದು ಸುಮ್ಮನಾದರೆ, ನಳಿಗೆ ಗುರಿಯ ಕಡೆಗೇ ಹಿಡಿದು 30 ಸೆಕೆಂಡ್ ಕಾಯಿರಿ, ತಡವಾಗಿ ಹಾರಬಹುದು. ‘ಢಂ’ ಅನ್ನುವ ಬದಲು ‘ಪುಸ್’ ಅಂದರೆ ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಗೆಯಲ್ಲೇ ಕೂತಿರಬಹುದು. ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಗೆ ಸಿಡಿಯಬಹುದು.

ಒರೆಯಿಂದ ಕೈಗೆ, ಕೈಯಿಂದ ಒರೆಗೆ

ಒರೆ ಅಂದರೆ ಹೋಲ್‌ಸ್ಟರ್ ಟ್ರಿಗರಿನ ಭಾಗವನ್ನು ಪೂರ್ತಿ ಮುಚ್ಚುವಂತಿರಬೇಕು. ಜೇಬಿನಲ್ಲಿಡುವವರಿಗೂ ಇದು ಕಡ್ಡಾಯ, ಆ ಜೇಬಿನಲ್ಲಿ ಕೀಲಿ, ಪೆನ್ನು ಏನೂ ಇರಕೂಡದು. ದಿನಾ ಹಾಕುವ ಬಟ್ಟೆಯಲ್ಲೇ, ಖಾಲಿ ಪಿಸ್ತೂಲಿನಲ್ಲಿ ತೆಗೆಯುವುದನ್ನು ನಿಧಾನ ಮಾಡಿ ನೋಡಿ. ಅಂಗಿಯ ಅಂಚು ಎಲ್ಲಿ ಸಿಗುತ್ತದೆ, ಕುಳಿತಾಗ ಏನಾಗುತ್ತದೆ ಎಲ್ಲ ತಿಳಿಯುತ್ತದೆ. ವಾಪಸ್ ಒರೆಗೆ ಹಾಕುವುದಕ್ಕೆ ಆತುರ ಬೇಡವೇ ಬೇಡ. ಅಂಗಿಯ ತುದಿಯೋ ದಾರವೋ ಟ್ರಿಗರಿಗೆ ಸಿಕ್ಕಿ ಗುಂಡು ಹಾರಿ ಕಾಲಿಗೆ ಗಾಯವಾಗುವುದು ಆಗಲೇ. ಕಣ್ಣಲ್ಲಿ ನೋಡುತ್ತಾ ಇಳಿಸಿ.

ರೇಂಜಿನಿಂದ ಬಂದ ಕೂಡಲೇ ಸೋಪು ಹಾಕಿ ಕೈ, ಮುಖ ತೊಳೆಯಿರಿ. ಆಮೇಲೆ ತಿಂಡಿ. ಕೈಯಲ್ಲಿ ಸೀಸದ ಪುಡಿ ಇರುತ್ತದೆ. ಆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ, ಮಕ್ಕಳಿರುವ ಮನೆಯಲ್ಲಂತೂ ಮರೆಯಬೇಡಿ. ಪಿಸ್ತೂಲು ಮೈಮೇಲಿಲ್ಲದಾಗ ಬೀಗ ಹಾಕಿದ ಪೆಟ್ಟಿಗೆಯಲ್ಲಿರಲಿ. ಜೇಬಿನ ನೂಲು, ಬೆವರು ಅದಕ್ಕೆ ದೊಡ್ಡ ಶತ್ರುಗಳು. ವಾರಕ್ಕೊಮ್ಮೆ ಒರೆಸಿ. ದಿನಾ ತುಂಬಿಸಿ ಖಾಲಿ ಮಾಡುವವರು ಒಂದೇ ಗುಂಡನ್ನು ಮತ್ತೆ ಮತ್ತೆ ಚೇಂಬರಿಗೆ ಹಾಕಬೇಡಿ. ಪ್ರತಿ ಸಲ ಬಡಿತಕ್ಕೆ ಅದರ ಮೂತಿ ಕೇಸಿನೊಳಗೆ ಕುಸಿಯುತ್ತಾ ಹೋಗುತ್ತದೆ, ಹಾರಿಸಿದಾಗ ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ಪುಟ್ಟ ಪಿಸ್ತೂಲಿನ ಸ್ಪ್ರಿಂಗ್ ದೊಡ್ಡದರದ್ದಕ್ಕಿಂತ ಬೇಗ ಸವೆಯುತ್ತದೆ. ಯಾವಾಗ ಬದಲಿಸಬೇಕು ಅಂತ ತಯಾರಕರನ್ನು ಕೇಳಿ, ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ.

ನನ್ನ ಪುಸ್ತಕದಲ್ಲಿ ನಾಲ್ಕನೇ ಸಲ ರೇಂಜಿಗೆ ಹೋಗುವ ಹೊತ್ತಿಗೆ ಎಣಿಕೆ ಎರಡು ಬಾರಿ ಸೊನ್ನೆಗೆ ಬಂದಿದೆ. ಮೊದಲ ಸಲ ನನ್ನ ಮಣಿಕಟ್ಟಿನಿಂದ. ಎರಡನೆಯದು 2ನೇ ನಂಬರಿನ ಮ್ಯಾಗಜೀನಿನಿಂದ. ಕೊನೆಯ ಗುಂಡು ಪ್ರತಿ ಸಲವೂ ಅದರಲ್ಲೇ ಸಿಕ್ಕುತ್ತಿತ್ತು. ಅದರ ತಳಕ್ಕೆ ಈಗ ಕೆಂಪು ಟೇಪು ಸುತ್ತಿದ್ದೇನೆ. ತಡೆ ಬಿಡಿಸುವ ಅಭ್ಯಾಸಕ್ಕೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ.