ಗಾಂಧಿ ಬಜಾರಿನ ಹಿಂಬೀದಿಯಲ್ಲಿ ನಾಲ್ಕು ರಾತ್ರಿ

ಅಮ್ಮನ ಹೃದಯ ತಪಾಸಣೆಗೆಂದು ಮೊದಲ ಸಲ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಬಂದಾಗ, ರೈಲು ನಿಲ್ದಾಣಕ್ಕೆ ಹತ್ತಿರವೆಂಬ ಒಂದೇ ಕಾರಣಕ್ಕೆ ಮೆಜೆಸ್ಟಿಕ್ ಬಳಿಯ ಲಾಡ್ಜೊಂದರಲ್ಲಿ ಇಳಿದುಕೊಂಡಿದ್ದೆವು. ರಾತ್ರಿಯಿಡೀ ಬಸ್ಸುಗಳ ಹಾರ್ನ್, ಅಕ್ಕಪಕ್ಕದ ಬಾಗಿಲು ಬಡಿಯುವ ಸದ್ದು. ಎಪ್ಪತ್ತನಾಲ್ಕು ವರ್ಷದ ಅಮ್ಮ ರೆಪ್ಪೆ ಮುಚ್ಚಲಿಲ್ಲ. ಬೆಳಿಗ್ಗೆ ರಕ್ತದೊತ್ತಡ ನೋಡಿದ ದಾದಿ ಮೊದಲು ಕೇಳಿದ್ದೇ "ರಾತ್ರಿ ನಿದ್ದೆ ಬಂತಾ ಅಜ್ಜಿ?" ಎಂದು. ಆ ಪ್ರಶ್ನೆ ನನ್ನ ಮನಸ್ಸಿನಿಂದ ಹೋಗಲಿಲ್ಲ.

ಹಾಗಾಗಿ ಈ ಜನವರಿಯಲ್ಲಿ ಬಸವನಗುಡಿಯನ್ನು ಆರಿಸಿಕೊಂಡೆ. 1898ರ ಪ್ಲೇಗಿನ ನಂತರ ಬೆಳೆದ ಈ ಬಡಾವಣೆಯ ಒಳರಸ್ತೆಗಳಲ್ಲಿ ಇಂದಿಗೂ ಮರಗಳ ನೆರಳಿದೆ, ರಾತ್ರಿ ಒಂಬತ್ತೂವರೆಯ ಮೇಲೆ ಓಡಾಟ ಕಡಿಮೆ. ಗಾಂಧಿ ಬಜಾರಿನ ಮುಖ್ಯರಸ್ತೆಯಿಂದ ಎರಡು ತಿರುವು ಒಳಗಿದ್ದ, ಹನ್ನೆರಡು ಕೋಣೆಗಳ ಸಾಧಾರಣ ಹೋಟೆಲೊಂದಕ್ಕೆ ವಾರ ಮುಂಚೆ ಫೋನ್ ಮಾಡಿದೆ. ಬಾಡಿಗೆ ದಿನಕ್ಕೆ 1,400 ರೂಪಾಯಿ ಎಂದರು. ತೆರಿಗೆ ಸೇರಿಯೋ ಬಿಟ್ಟೋ ಎಂದು ಅಲ್ಲೇ ಕೇಳಿಕೊಂಡೆ. 7,500 ರೂಪಾಯಿವರೆಗಿನ ಕೋಣೆಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 5ಕ್ಕೆ ಇಳಿದಿರುವುದರಿಂದ ಮೇಲೆ ಬಿದ್ದದ್ದು ಎಪ್ಪತ್ತು ರೂಪಾಯಿ ಮಾತ್ರ.

ಬಾಡಿಗೆಗಿಂತ ಮುಖ್ಯವಾದ ಪ್ರಶ್ನೆ ದಿನದ ಲೆಕ್ಕದ್ದು. ತಾಳಗುಪ್ಪದ ಕಡೆಯಿಂದ ಬರುವ ರಾತ್ರಿ ರೈಲು ನಮ್ಮನ್ನು ಬೆಳಗಿನ ಜಾವವೇ ಬೆಂಗಳೂರಿನಲ್ಲಿ ಇಳಿಸುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ದಿನ ಮುಗಿಯುವ ಕಡೆ ಐದು ಗಂಟೆಗೆ ಕೋಣೆ ಹಿಡಿದರೆ, ಏಳು ಗಂಟೆಯ ವಾಸಕ್ಕೆ ಒಂದು ದಿನದ ಬಾಡಿಗೆ ತೆತ್ತಂತೆ. ಇಲ್ಲಿ ಇಪ್ಪತ್ನಾಲ್ಕು ಗಂಟೆಯ ಲೆಕ್ಕವಿತ್ತು, ಅಂದರೆ ನಾವು ಬಂದ ಹೊತ್ತಿನಿಂದಲೇ ದಿನ ಎಣಿಕೆ. ರಾತ್ರಿ ಪ್ರಯಾಣ ಮಾಡುವ ಎಲ್ಲರೂ ಇದನ್ನು ಫೋನಿನಲ್ಲೇ ಖಚಿತಪಡಿಸಿಕೊಳ್ಳಬೇಕೆಂದು ನನ್ನ ಆಗ್ರಹ.

ಆಧಾರ್ ಪ್ರತಿ ಕೊಟ್ಟ ಮೇಲೆ ಮ್ಯಾನೇಜರ್ ದಪ್ಪ ರಟ್ಟಿನ ರಿಜಿಸ್ಟರನ್ನು ನನ್ನತ್ತ ತಿರುಗಿಸಿದರು. ಎಲ್ಲಿಂದ ಬಂದದ್ದು, ಎಲ್ಲಿಗೆ ಹೋಗುವುದು ಎಂಬ ಕಾಲಮ್ಮುಗಳಾದ ಮೇಲೆ ಬಂದ ಉದ್ದೇಶ ಎಂಬಲ್ಲಿ 'ಆಸ್ಪತ್ರೆ' ಎಂದು ಬರೆದೆ. ಅವರು ಅದನ್ನು ಓದಿ, ಕುರ್ಚಿಯಲ್ಲಿ ಕುಳಿತಿದ್ದ ಅಮ್ಮನನ್ನು ನೋಡಿ, ಕೈಯಲ್ಲಿದ್ದ ಬೀಗದ ಕೈಯನ್ನು ಮೊಳೆಗೆ ನೇತುಹಾಕಿ ಬೇರೊಂದನ್ನು ತೆಗೆದರು. "ಅಮ್ಮನೋರಿಗೆ ಮೆಟ್ಟಿಲು ಬೇಡ ಸಾರ್, ಕೆಳಗಡೆ ರೂಮೇ ಕೊಡ್ತೀನಿ" ಎಂದರು. ಉದ್ದೇಶವನ್ನು ಮರೆಮಾಚದೆ ಬರೆಯುವುದು ಎಷ್ಟು ಉಪಯುಕ್ತ ಎಂಬುದು ನನಗೆ ಆಗ ತಿಳಿಯಿತು.

ಆದರೂ ಕೋಣೆ ನೋಡದೆ ಒಪ್ಪಿಕೊಳ್ಳಲಿಲ್ಲ. ಹಾಸಿಗೆಯ ಮೂಲೆಗಳನ್ನು ಎತ್ತಿ ತಿಗಣೆ ಇಲ್ಲವೆಂದು ಖಾತ್ರಿ ಮಾಡಿಕೊಂಡೆ, ಕಿಟಕಿಯ ಸೊಳ್ಳೆಪರದೆ ನೋಡಿದೆ. ಕಿಟಕಿಯ ಹೊರಗೇ ಸಂಪಿನಿಂದ ಟ್ಯಾಂಕಿಗೆ ನೀರೇರಿಸುವ ಮೋಟಾರ್ ಇತ್ತು. ಅದನ್ನು ಬೆಳಗಿನ ಜಾವ ಹಾಕುತ್ತಾರೆಂದು ಗೊತ್ತಾದ ಕೂಡಲೇ ಎದುರಿನ ಕೋಣೆ ಕೇಳಿ ಪಡೆದೆ. ಸದ್ದಿನ ವಿಷಯದಲ್ಲಿ ಬೀದಿ ಎಷ್ಟು ಮುಖ್ಯವೋ ಕಟ್ಟಡದ ಹಿತ್ತಿಲೂ ಅಷ್ಟೇ ಮುಖ್ಯ.

ಬಿಸಿನೀರು ಸೋಲಾರಿನದು, ಆರರಿಂದ ಒಂಬತ್ತರವರೆಗೆ. ಕೊಳವೆಯಲ್ಲಿ ರಾತ್ರಿ ನಿಂತ ತಣ್ಣೀರು ಒಂದು ಬಕೆಟ್ಟಿನಷ್ಟು ಬಂದ ಮೇಲೆಯೇ ನಲ್ಲಿ ಬೆಚ್ಚಗಾಗುತ್ತಿತ್ತು. ರೂಮ್ ಬಾಯ್ ಹೇಳಿದಂತೆ ಆ ನೀರನ್ನು ಹಿಡಿದಿಟ್ಟು ಬಟ್ಟೆ ಒಗೆಯಲು ಬಳಸಿದೆವು.

ಆಸ್ಪತ್ರೆಗೆ ಬೆಳಿಗ್ಗೆ ಆಟೋದಲ್ಲಿ ಹೋಗುತ್ತಿದ್ದೆವು, ಮರಳುವಾಗ ಮೆಟ್ರೋ. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಆರಂಭವಾದ ಮೇಲೆ ಜಯದೇವ ಆಸ್ಪತ್ರೆ ನಿಲ್ದಾಣದಿಂದ ಹೊರಟು, ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಸೌತ್ ಎಂಡ್ ವೃತ್ತದಲ್ಲಿ ಇಳಿಯಬಹುದು. ಲಿಫ್ಟ್ ಇರುವುದರಿಂದ ಅಮ್ಮನಿಗೆ ತ್ರಾಸವಾಗಲಿಲ್ಲ. ಸಂಜೆ ಕಹಳೆ ಬಂಡೆ ಉದ್ಯಾನದ ಬೆಂಚಿನಲ್ಲಿ ಕುಳಿತು ಮರಗಳ ಬಾವಲಿಗಳನ್ನು ಅವರು ಮಗುವಿನಂತೆ ನೋಡುತ್ತಿದ್ದರು. ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಯ ಸಮಯದಲ್ಲಿ ಮಾತ್ರ ರೋಗಿಗಳನ್ನು ಕರೆದುಕೊಂಡು ಇತ್ತ ಬರಬಾರದು. ದೊಡ್ಡ ಬಸವಣ್ಣನ ಗುಡಿಯ ಸುತ್ತ ಜನ ಕಿಕ್ಕಿರಿದಿರುತ್ತಾರೆ.

ನಾಲ್ಕೂ ರಾತ್ರಿ ಅಮ್ಮ ನಿದ್ದೆ ಮಾಡಿದರು. ಆರು ತಿಂಗಳ ನಂತರದ ತಪಾಸಣೆಗೆ ಅದೇ ಕೆಳಗಿನ ಕೋಣೆ ಬೇಕೆಂದು ಹೊರಡುವ ದಿನವೇ ಮ್ಯಾನೇಜರಿಗೆ ಹೇಳಿ ಬಂದಿದ್ದೇನೆ.