ಆಕ್ಟಿಂಗ್ ಬರದೇ ಇರೋರ ನಾಟಕ ನೋಡೋದು ಹೇಗೆ

ಬರ್ಲಿನ್‌ಗೆ ಓದೋಕೋ ಕೆಲಸಕ್ಕೋ ಹೋದ ನಮ್ಮೋರು ಯಾರೋ ಹೇಳಿದ್ರು ಅಂತ ರಿಮಿನಿ ಪ್ರೊಟೊಕಾಲ್ ಅನ್ನೋ ಜರ್ಮನ್ ತಂಡದ ನಾಟಕಕ್ಕೆ ಹೋಗಿ, ಇದೇನ್ ಗುರು ಒಬ್ರಿಗೂ ಆಕ್ಟಿಂಗೇ ಬರಲ್ಲ ಅಂತ ಗೊಣಗ್ತಾ ವಾಪಸ್ ಬರ್ತಾರೆ. ನಾನೂ ಮೊದಲ ಸಲ ಇವರ ನಾಟಕದ ವಿಡಿಯೋನ ಹತ್ತೇ ನಿಮಿಷಕ್ಕೆ ಬಂದ್ ಮಾಡಿದ್ದೆ, ಸುಳ್ಳ್ಯಾಕೆ ಹೇಳ್ಲಿ.

ಆಕ್ಟಿಂಗ್ ಬರಲ್ಲ ಅನ್ನೋದು ನಿಜಾನೇ, ಬರಬಾರದು ಅಂತಾನೇ ಆರಿಸಿರ್ತಾರೆ. ಹೆಲ್ಗಾರ್ಡ್ ಹೌಗ್, ಸ್ಟೆಫಾನ್ ಕೇಗಿ, ಡ್ಯಾನಿಯೆಲ್ ವೆಟ್ಸೆಲ್ ಈ ಮೂವರ ತಂಡ ಶುರುವಾಗಿದ್ದು 2000ದಲ್ಲಿ. ಸ್ಟೇಜ್ ಮೇಲೆ ನಿಲ್ಲೋರನ್ನ ಇವರು ಹವ್ಯಾಸಿ ನಟರು ಅನ್ನಲ್ಲ, ದಿನನಿತ್ಯದ ಎಕ್ಸ್‌ಪರ್ಟ್‌ಗಳು ಅಂತಾರೆ. ಹಾಗಾಗಿ ಚೆನ್ನಾಗಿ ಮಾಡಿದ್ರಾ ಅಂತ ನೋಡೋದು ಬಿಟ್ಟು ಇವರಿಗೇನು ಗೊತ್ತು ಅಂತ ನೋಡಿ. 2006ರಲ್ಲಿ ಮಾರ್ಕ್ಸ್‌ನ ದಾಸ್ ಕಾಪಿಟಾಲ್ ಅನ್ನೋ ಅರ್ಥಶಾಸ್ತ್ರದ ಪುಸ್ತಕ ಇಟ್ಕೊಂಡು ಒಂದು ಶೋ ಮಾಡಿದ್ರು, ಅದರಲ್ಲಿ ಕಣ್ಣು ಕಾಣದ ಒಬ್ರು ಅದನ್ನ ಬ್ರೇಲ್‌ನಲ್ಲಿ ಓದ್ತಾರೆ, ಹಾಳೆ ಮೇಲೆ ಬೆರಳು ಹರಿಯೋದನ್ನೇ ನೋಡ್ತಾ ಕೂತ್ರೆ ಸಾಕು, ಎಂಥ ನಟನಿಗೂ ತಿಂಗಳುಗಟ್ಟಲೆ ರಿಹರ್ಸಲ್ ಮಾಡಿದ್ರೂ ಅದು ಬರಲ್ಲ. ಪ್ರೇಕ್ಷಕರ ಕೈಗೂ ಪುಸ್ತಕ ಕೊಟ್ಟು ಇಂಥ ಪುಟ ತೆಗೀರಿ ಅಂತಾರೆ, ಥೇಟ್ ಕ್ಲಾಸ್ ಥರ.

ಹಾಗಂತ ಬಾಯಿಗೆ ಬಂದಿದ್ದು ಮಾತಾಡ್ತಾರೆ ಅಂದ್ಕೋಬೇಡಿ. ಅವರವರ ಬದುಕಿನ ಮಾತನ್ನೇ ಕತ್ತರಿಸಿ ಜೋಡಿಸಿ ಸ್ಕ್ರಿಪ್ಟ್ ಮಾಡಿರ್ತಾರೆ. 2005ರಲ್ಲಿ ಜರ್ಮನ್ ನಾಟಕಕಾರ ಷಿಲ್ಲರ್‌ನ ವಾಲೆನ್‌ಸ್ಟೈನ್ ಇಟ್ಕೊಂಡು ಮಾಡಿದ ಶೋನಲ್ಲಿ ಜರ್ಮನಿಯ ಮಾನ್‌ಹೈಮ್ ಊರಿನ ಒಬ್ಬ ರಾಜಕಾರಣಿ ತಾನು ಹೆಂಗೆ ಮೇಲೆ ಹೋಗಿ ಹೆಂಗೆ ಬಿದ್ದೆ ಅಂತ ಹೇಳ್ತಾರೆ, ಹೊಟ್ಟೇಲಿರೋ ಸಂಕಟಾನೇ, ಆದ್ರೆ ನಾಳೆ ಶೋನಲ್ಲೂ ಅದೇ ಸಂಕಟ ಹೇಳ್ಬೇಕಲ್ಲ, ಆಗ ಅದು ನಿಜಾನಾ ನಾಟಕಾನಾ? ನೋಡೋ ಮಜಾ ಇರೋದೇ ಇಲ್ಲಿ. ಇನ್ನೊಂದು, ತನ್ನ ಕಡೆಯೋರ ಕೈಲೇ ಸಾಯೋ ಸೇನಾಪತಿ ವಾಲೆನ್‌ಸ್ಟೈನ್ ಬಗ್ಗೆ ಷಿಲ್ಲರ್ ಬರೆದ ಕಥೆ ಜರ್ಮನ್ ಪ್ರೇಕ್ಷಕರಿಗೆ ಹೊಸದಲ್ಲ, ನಮಗೆ ಗೊತ್ತಿರಲ್ಲ, ಹೋಗೋ ಮುಂಚೆ ಒಂದರ್ಧ ಗಂಟೆ ಕೂತು ಓದ್ಕೊಂಡು ಹೋಗಿ. ಸಬ್‌ಟೈಟಲ್ ಸ್ಟೇಜ್ ಮೇಲ್ಗಡೆ ಬರೋ ಕಡೆ ತೀರಾ ಮುಂದಿನ ಸೀಟ್ ತಗೋಬೇಡಿ, ಕತ್ತು ಹಿಡ್ಕೊಳ್ಳುತ್ತೆ.

ಒಂದು ಕಡೆ ಮಾತ್ರ ಜರ್ಮನ್ನರಿಗಿಂತ ನಾವೇ ಒಂದು ಹೆಜ್ಜೆ ಮುಂದೆ. ಇವರದೇ 2005ರ ಕಾಲ್ ಕಟ್ಟಾ ಅನ್ನೋ ಶೋನಲ್ಲಿ ಸ್ಟೇಜೇ ಇಲ್ಲ, ಬರ್ಲಿನ್‌ನ ಪ್ರೇಕ್ಷಕನ ಕೈಗೊಂದು ಮೊಬೈಲ್ ಕೊಡ್ತಾರೆ, ಕೋಲ್ಕತಾದ ಕಾಲ್ ಸೆಂಟರ್‌ನಿಂದ ಒಬ್ರು ಎಡಕ್ಕೆ ಹೋಗಿ ಬಲಕ್ಕೆ ತಿರುಗಿ ಅಂತ ಅವನದೇ ಊರಲ್ಲಿ ಅವನನ್ನ ಸುತ್ತಾಡಿಸ್ತಾರೆ, ಮಧ್ಯೆ ಬರ್ಲಿನ್‌ನಲ್ಲಿದ್ದ ಸುಭಾಷ್‌ಚಂದ್ರ ಬೋಸ್ ಕಥೇನೂ ಬರುತ್ತೆ. ಅವನಿಗೆ ಡೌಟು, ಈ ದನಿ ನಿಜವಾಗ್ಲೂ ಇಂಡಿಯಾದಿಂದ ಬರ್ತಿದೆಯಾ ಅಂತ. ನಮಗೆ ಆ ಡೌಟೇ ಬರಲ್ಲ, ನಮ್ಮ ಚಿಕ್ಕಪ್ಪನ ಮಗ ಎರಡು ವರ್ಷ ನೈಟ್ ಶಿಫ್ಟಲ್ಲಿ ಮೈಕ್ ಅಂತ ಹೆಸರಿಟ್ಕೊಂಡು ಮಾತಾಡ್ದೋನು, ಆಕ್ಸೆಂಟ್‌ಗೆ ಬೇರೆ ಟ್ರೈನಿಂಗು, ಇದಕ್ಕಿಂತ ದೊಡ್ಡ ಆಕ್ಟಿಂಗ್ ಇನ್ನೇನಿದೆ. ಪಕ್ಕದಲ್ಲಿ ಜರ್ಮನ್ ಫ್ರೆಂಡ್ ಯಾರಾದ್ರೂ ಇದ್ರೆ ಈ ಮೈಕ್ ಕಥೆ ಹೇಳಿ, ಷಿಲ್ಲರ್ ಕಥೇನ ಅವರ ಬಾಯಿಂದ ಕೇಳಿಸ್ಕೊಳ್ಳಿ, ಲೆಕ್ಕ ಚುಕ್ತಾ.