ಮ್ಯಾಕ್‌ಬೆತ್ ಆಡಿಸುವಾಗ ನಾನು ಹಿಡಿದ ದಾರಿ

ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ ಅಂದ ಕೂಡಲೇ "ಅಧಿಕಾರದಾಸೆಯ ನಾಟಕ" ಅನ್ನುತ್ತಾರೆ. ಸುಳ್ಳೇನಲ್ಲ. ಆದರೆ ತಾಲೀಮಿಗೆ ಇಳಿದ ಮೇಲೆ ಈ ಮಾತು ಕೆಲಸಕ್ಕೆ ಬರುವುದಿಲ್ಲ. ನಟನಿಗೆ "ನಿನಗೆ ವಿಪರೀತ ಅಧಿಕಾರದಾಸೆ, ಆಡು" ಅಂದರೆ ಅವನು ಏನು ಮಾಡಬೇಕು? ಹುಬ್ಬು ಗಂಟು ಹಾಕಿ, ಎದೆ ಉಬ್ಬಿಸಿ ನಿಲ್ಲುತ್ತಾನೆ, ಅಷ್ಟೇ. ಆಸೆಯನ್ನು ಹಾಗೇ ಆಡಲು ಬರುವುದಿಲ್ಲ. ಒಬ್ಬರಿಗೆ ಒಂದು ವಿಷಯ ಹೇಳುವುದನ್ನು ಆಡಬಹುದು, ಬಚ್ಚಿಡುವುದನ್ನು ಆಡಬಹುದು. ಹಾಗಾಗಿ ನಿರ್ದೇಶನಕ್ಕೆ ಕೂತಾಗ ಇಡೀ ನಾಟಕವನ್ನು ಒಂದೇ ಪ್ರಶ್ನೆ ಇಟ್ಟುಕೊಂಡು ಓದಿದೆ: ಈ ದೃಶ್ಯದಲ್ಲಿ ಯಾರು ಯಾರಿಗೆ ಏನು ಹೇಳುತ್ತಿದ್ದಾರೆ, ಯಾವುದನ್ನು ಹೇಳದೆ ಉಳಿಸಿಕೊಳ್ಳುತ್ತಿದ್ದಾರೆ?

ಹಾಗೆ ಓದಿದರೆ ನಾಟಕದ ಬೆನ್ನೆಲುಬು ತಾನಾಗಿ ಕಾಣುತ್ತದೆ. ನೀನು ರಾಜನಾಗುತ್ತೀಯ, ಜೊತೆಗಿರುವ ಸೇನಾನಿ ಬ್ಯಾಂಕೋನ ಮಕ್ಕಳು ಮುಂದೆ ರಾಜರಾಗುತ್ತಾರೆ ಅಂತ ಮಾಟಗಾತಿಯರು ಹೇಳಿದ ಮೇಲೆ ಮ್ಯಾಕ್‌ಬೆತ್ ಮೊದಲು ಮಾಡುವ ಕೆಲಸವೇ ಆ ಭವಿಷ್ಯವನ್ನು ಹೆಂಡತಿಗೆ ಬರೆದು ತಿಳಿಸುವುದು. ಇನ್ವರ್ನೆಸ್‌ನ ತಮ್ಮ ಕೋಟೆಯಲ್ಲಿ ಅವಳು ಆ ಪತ್ರ ಓದುತ್ತಾ ಒಳಗೆ ಬರುತ್ತಾಳೆ. ಅವನ ಮನಸ್ಸು ಅವನಿಗಿಂತ ಮುಂಚೆ ಅವಳ ಕೈ ಸೇರಿದೆ. ಮೂರನೇ ಅಂಕಕ್ಕೆ ಬನ್ನಿ. ಬ್ಯಾಂಕೋನನ್ನು ಕೊಲ್ಲಿಸಲು ಆಳುಗಳನ್ನು ಕಳಿಸಿಯಾಗಿದೆ. ಹೆಂಡತಿ ಏನು ಮಾಡುತ್ತೀರಿ ಅಂತ ಕೇಳಿದರೆ, ನಿನಗೆ ಈಗ ಗೊತ್ತಾಗುವುದು ಬೇಡ, ಆದ ಮೇಲೆ ಮೆಚ್ಚಿಕೊ ಅನ್ನುತ್ತಾನೆ, ಅದೂ ಮುದ್ದಿನ ದನಿಯಲ್ಲಿ. ಇನ್ನೂ ಸ್ವಲ್ಪ ಮುಂದೆ, ಒಬ್ಬೊಬ್ಬ ಸರದಾರನ ಮನೆಯಲ್ಲೂ ದುಡ್ಡು ಕೊಟ್ಟು ಒಬ್ಬ ಆಳನ್ನು ಇಟ್ಟಿದ್ದೇನೆ ಅನ್ನುತ್ತಾನೆ. ಎಲ್ಲರ ಗುಟ್ಟೂ ಇವನಿಗೆ ಬೇಕು, ಇವನದು ಯಾರಿಗೂ ಸಿಗಬಾರದು. ಅಧಿಕಾರ ಅಂದರೆ ಇದೇ ಅಂತ ಹಿಡಿದುಕೊಂಡೆ. ಇದನ್ನು ಆಡಿಸಬಹುದು.

ತಾಲೀಮಿನಲ್ಲಿ ಜಾಸ್ತಿ ಹೊತ್ತು ಹೋಗಿದ್ದು ಎರಡನೇ ಅಂಕದ ಎರಡನೇ ದೃಶ್ಯಕ್ಕೆ. ಅತಿಥಿಯಾಗಿ ಬಂದ ಸ್ಕಾಟ್ಲೆಂಡಿನ ರಾಜ ಡಂಕನ್‌ನನ್ನು ಮ್ಯಾಕ್‌ಬೆತ್ ಕೊಲ್ಲುವುದು ರಂಗದ ಮೇಲೆ ಆಗುವುದಿಲ್ಲ, ನಮಗೆ ಸಿಗುವುದು ಕೊಲೆಯ ಆಚೀಚಿನ ಕೆಲವು ನಿಮಿಷ. ಅಲ್ಲಿ ಮಾತುಗಳು ತುಂಡು ತುಂಡು. ಯಾವಾಗ? ಈಗ. ನಾನು ಇಳಿದು ಬರುವಾಗಲಾ? ಹೌದು. ನಟರಿಗೆ ಇದನ್ನು ಪಿಸುಮಾತಿನಲ್ಲೇ ಆಡಿಸಿದೆ, ಯಾಕೆಂದರೆ ಪಕ್ಕದ ಕೋಣೆಯಲ್ಲಿ ರಾಜನ ಮಗ ಮಲಗಿದ್ದಾನೆ, ಕಾವಲುಗಾರರು ಮಲಗಿದ್ದಾರೆ, ಮನೆ ತುಂಬ ನೆಂಟರು, ಒಬ್ಬರು ಎದ್ದರೂ ಮುಗಿಯಿತು. "ಮ್ಯಾಕ್‌ಬೆತ್ ನಿದ್ರೆಯನ್ನು ಕೊಂದ" ಅನ್ನುವ ಜಾಗದಲ್ಲಿ ನಮ್ಮ ನಟ ಕೂಗಬೇಕು ಅಂತ ಹಟ ಹಿಡಿದ. ಎಲ್ಲರೂ ಕೂಗುವ ಜಾಗ ಅದು. ನಾನು ಬೇಡ ಅಂದೆ. ಅವನು ಕೇಳಿದ ದನಿಯ ಬಗ್ಗೆ ಹೆಂಡತಿಗೆ ದೂರು ಹೇಳುತ್ತಿದ್ದಾನೆ, ಪ್ರಾರ್ಥನೆಯ ಕೊನೆಗೆ "ಆಮೆನ್" ಅನ್ನಲು ಹೋದರೆ ಗಂಟಲಲ್ಲೇ ಸಿಕ್ಕಿಕೊಂಡಿತು, ಯಾಕೆ, ನನಗೇ ಅಲ್ವಾ ಆ ಆಶೀರ್ವಾದ ಬೇಕಿದ್ದದ್ದು ಅಂತ ಮಗುವಿನ ಹಾಗೆ ಕೇಳುತ್ತಿದ್ದಾನೆ. ತಗ್ಗಿದ ದನಿಯಲ್ಲಿ ಇದು ಹತ್ತು ಪಟ್ಟು ಭಯ ಹುಟ್ಟಿಸಿತು. ಅವನು ಇಷ್ಟೆಲ್ಲ ಹೇಳಿಕೊಳ್ಳುತ್ತಿರುವಾಗ ಅವಳ ಕಣ್ಣು ಅವನ ಕೈ ಮೇಲೆ. ಕಠಾರಿಗಳನ್ನು ಅಲ್ಲಿಯೇ ಬಿಟ್ಟು ಬರಬೇಕಿತ್ತು, ಹಿಡಿದುಕೊಂಡೇ ಬಂದಿದ್ದಾನೆ.

ಲೇಡಿ ಮ್ಯಾಕ್‌ಬೆತ್‌ಳನ್ನು ರಾಕ್ಷಸಿ ಮಾಡುವುದು ಸುಲಭ. ಆದರೆ ಅದೇ ದೃಶ್ಯದ ಶುರುವಿನಲ್ಲೇ ಅವಳು ಒಂದು ಮಾತು ಹೇಳುತ್ತಾಳೆ: ಮಲಗಿದ್ದ ರಾಜ ನನ್ನ ಅಪ್ಪನ ಹಾಗೆ ಕಾಣದೆ ಇದ್ದಿದ್ದರೆ ನಾನೇ ಮುಗಿಸಿಬಿಡುತ್ತಿದ್ದೆ. ಇದನ್ನು ಅವಳು ಗಂಡನಿಗೆ ಹೇಳುವುದಿಲ್ಲ. ಅವನು ಬರುವ ಮುಂಚೆ ತನಗೆ ತಾನೇ ಹೇಳಿಕೊಳ್ಳುತ್ತಾಳೆ. ನಟಿಗೆ ಇಡೀ ಪಾತ್ರದ ಬೀಗದ ಕೈ ಇದೇ ಅಂದೆ. ಅವನು ಸಂಕಟವನ್ನೆಲ್ಲ ಬಾಯಿಬಿಟ್ಟು ಹೇಳಿ ಹಗುರಾಗುತ್ತಾನೆ, ಇವಳು ನುಂಗುತ್ತಾಳೆ.

ಕೊಲೆಯ ಬೆನ್ನಿಗೇ ಕೇಳುವ, ಕೋಟೆಯ ಬಾಗಿಲು ಬಡಿಯುವ ಸದ್ದಿಗೆ ರೆಕಾರ್ಡಿಂಗ್ ಬಳಸಲಿಲ್ಲ. ವಿಂಗ್‌ನಲ್ಲಿ ದಪ್ಪ ಹಲಗೆ ನಿಲ್ಲಿಸಿ ಒಬ್ಬ ಹುಡುಗನ ಕೈಲಿ ಮರದ ಕೊಡತಿ ಕೊಟ್ಟೆವು. ನಟರ ಉಸಿರು ನೋಡಿಕೊಂಡು ಬಡಿಯುವುದು ಯಂತ್ರಕ್ಕೆ ಬರುವುದಿಲ್ಲ. ಆಮೇಲೆ ಬರುವ ಬಾಗಿಲು ಕಾಯುವ ಕುಡುಕನ ದೃಶ್ಯ ಕಿತ್ತುಹಾಕಿ ಅಂತ ತಂಡದಲ್ಲಿ ಕೆಲವರು ಹೇಳಿದರು. ಬಿಡಲಿಲ್ಲ. ಮ್ಯಾಕ್‌ಬೆತ್ ಆಡುವ ನಟನಿಗೆ ಕೈಯ ರಕ್ತ ತೊಳೆದು ನಿಲುವಂಗಿ ಹಾಕಿಕೊಂಡು ಬರಲು ಹೊತ್ತು ಬೇಕಲ್ಲ! ಆ ಕುಡುಕನ ಮಾತಿನಲ್ಲಿ ಇಬ್ಬಗೆಯಾಗಿ ಮಾತಾಡುವವರ ಬಗ್ಗೆ ಇರುವ ಕುಟುಕು, ರಾಜನನ್ನೂ ಪಾರ್ಲಿಮೆಂಟನ್ನೂ ಸಿಡಿಸಲು ಹೂಡಿದ್ದ 1605ರ ಗನ್‌ಪೌಡರ್ ಸಂಚಿನ ನಂತರದ ವಿಚಾರಣೆಗೆ ಸಂಬಂಧಿಸಿದ್ದು ಅನ್ನುತ್ತಾರೆ. ಇವತ್ತಿನ ಪ್ರೇಕ್ಷಕರಿಗೆ ಅದು ತಾಗುವುದಿಲ್ಲ, ಆ ಭಾಗ ಮೊಟಕು ಮಾಡಿದೆ. ಮಾಟಗಾತಿಯರ ಒಡತಿ ಹೆಕಾಟಿಯ ಭಾಗ ಪೂರ್ತಿ ತೆಗೆದೆ. ಅದು ಬೇರೆಯವರು ಸೇರಿಸಿದ್ದು ಅಂತ ಅನೇಕ ವಿದ್ವಾಂಸರ ಅಭಿಪ್ರಾಯ. ಆಡುವವನಿಗೆ ವಿದ್ವಾಂಸರೂ ಬೇಡ, ಎರಡು ಸಲ ಓದಿದರೆ ಗೊತ್ತಾಗುತ್ತದೆ.

ಬ್ಯಾಂಕೋನ ಪಾತ್ರಧಾರಿ ಒಂದು ಒಳ್ಳೆ ಪ್ರಶ್ನೆ ಕೇಳಿದ. ಮ್ಯಾಕ್‌ಬೆತ್ ಮೇಲೆ ಇವನಿಗೆ ಅನುಮಾನ ಇದೆಯಲ್ಲ, ಯಾಕೆ ಸುಮ್ನೆ ಇರುತ್ತಾನೆ? ಮೂರನೇ ಅಂಕ ಶುರುವಾಗುವುದೇ ಇವನ ಸ್ವಗತದಿಂದ. ನೀನು ಮೋಸದಿಂದಲೇ ಗೆದ್ದೆ ಅಂತ ನನಗೆ ಭಯ ಅನ್ನುತ್ತಾನೆ, ಮರುಕ್ಷಣ, ಹಾಗಾದರೆ ನನ್ನ ಮಕ್ಕಳ ಬಗ್ಗೆ ಹೇಳಿದ್ದೂ ನಿಜವಾಗಬಹುದಲ್ಲ ಅಂತ ಲೆಕ್ಕ ಹಾಕುತ್ತಾನೆ. ಶೇಕ್ಸ್‌ಪಿಯರ್ ಕತೆ ತೆಗೆದುಕೊಂಡ ಹಾಲಿನ್‌ಶೆಡ್‌ನ ಇತಿಹಾಸದಲ್ಲಿ ಬ್ಯಾಂಕೋ ಕೊಲೆಯಲ್ಲಿ ಪಾಲುದಾರ. ಆದರೆ ಆಗ ಇಂಗ್ಲೆಂಡಿನ ಪಟ್ಟದಲ್ಲಿದ್ದ ಒಂದನೇ ಜೇಮ್ಸ್ ತಾನು ಬ್ಯಾಂಕೋನ ವಂಶದವನು ಅಂದುಕೊಂಡಿದ್ದ. ರಾಜನ ಮುತ್ತಜ್ಜನನ್ನು ಕೊಲೆಗಾರ ಮಾಡಿದರೆ ನಾಟಕದ ಕಂಪನಿ ಉಳಿಯುತ್ತದೆಯೇ? ಹಳೇ ಬ್ಯಾಂಕೋನ ನೆರಳು ಮಾತ್ರ ಆ ಸ್ವಗತದಲ್ಲಿ ಉಳಿದಿದೆ. ನಮ್ಮ ನಟ ಅದನ್ನು ಹಿಡಿದುಕೊಂಡ. ಸಾಧು ಮನುಷ್ಯ ಹೋಗಿ ಲಾಭ ನೋಡಿಕೊಂಡು ಬಾಯಿ ಮುಚ್ಚಿಕೊಂಡವನು ಬಂದ.

ಔತಣದ ದೃಶ್ಯದಲ್ಲಿ ಬ್ಯಾಂಕೋನ ಪ್ರೇತವನ್ನು ತೋರಿಸಬೇಕೋ, ಖಾಲಿ ಪೀಠ ಸಾಕೋ ಅನ್ನುವುದು ಹಳೇ ಜಗಳ. 1611ರಲ್ಲಿ ಲಂಡನ್ನಿನ ಗ್ಲೋಬ್ ರಂಗಮಂದಿರದಲ್ಲಿ ಈ ನಾಟಕ ನೋಡಿದ ಸೈಮನ್ ಫೋರ್ಮನ್, ಪ್ರೇತ ಬಂದು ಮ್ಯಾಕ್‌ಬೆತ್‌ನ ಕುರ್ಚಿಯಲ್ಲಿ ಕೂತದ್ದನ್ನು ಬರೆದಿಟ್ಟಿದ್ದಾನೆ. ನಾನು ತೋರಿಸಿದೆ. ಪೀಠ ಖಾಲಿ ಬಿಟ್ಟರೆ ಪ್ರೇಕ್ಷಕರು ಅತಿಥಿಗಳ ಪಕ್ಕ ಕೂತು ಹುಚ್ಚನನ್ನು ನೋಡುತ್ತಾರೆ. ನನಗೆ ಅವರು ಅವನ ಗುಟ್ಟಿನ ಒಳಗೆ ಇರಬೇಕಿತ್ತು, ಹೆಂಡತಿಗೂ ಕಾಣದ್ದು ಅವರಿಗೆ ಕಾಣಬೇಕಿತ್ತು. ಅವಳು ಪಾಪ, ಇವರಿಗೆ ಚಿಕ್ಕಂದಿನಿಂದ ಹೀಗೆ ಆಗುತ್ತದೆ ಅಂತ ಸುಳ್ಳು ಕಟ್ಟುತ್ತಾ ಮೇಜಿನ ಸುತ್ತ ಓಡಾಡುತ್ತಾಳೆ. ಎಲ್ಲರೂ ಹೋದ ಮೇಲೆ ಇಬ್ಬರನ್ನೂ ಮೇಜಿನ ಎರಡು ತುದಿಯಲ್ಲಿ ನಿಲ್ಲಿಸಿದೆ. ಅವನು ಮಾತಾಡುತ್ತಲೇ ಇರುತ್ತಾನೆ, ಅವಳದು ಮೂರೇ ಮಾತು, ಕೊನೆಯದು ನಿಮಗೆ ನಿದ್ರೆ ಬೇಕು ಅನ್ನುವುದು. ಇದಾದ ಮೇಲೆ ನಾಟಕದಲ್ಲಿ ಇವರಿಬ್ಬರೂ ಒಟ್ಟಿಗೆ ಬರುವುದೇ ಇಲ್ಲ.

ಐದನೇ ಅಂಕದ ನಿದ್ದೆನಡಿಗೆಗೆ ನಟಿಗೆ ಅಳು ನಿಷೇಧಿಸಿದ್ದೆ. ಈ ಕೈ ತೊಳೆಯುವುದು ಕೆಲವೊಮ್ಮೆ ಕಾಲು ಗಂಟೆ ನಡೆಯುತ್ತದೆ ಅಂತ ದಾಸಿ ಹೇಳುತ್ತಾಳೆ. ಅಂದರೆ ಇದು ಅವಳಿಗೆ ದಿನದ ಕೆಲಸದ ಹಾಗೆ ಆಗಿಹೋಗಿದೆ. ಆ ಬಡಬಡಿಕೆಯಲ್ಲಿ ಫೈಫ್‌ನ ಸರದಾರನಿಗೆ ಒಬ್ಬಳು ಹೆಂಡತಿ ಇದ್ದಳು, ಈಗ ಎಲ್ಲಿ ಅನ್ನುತ್ತಾಳೆ. ಆ ಸರದಾರ ಮ್ಯಾಕ್‌ಡಫ್. ಅವನ ಹೆಂಡತಿ ಮಕ್ಕಳನ್ನು ಕೊಲ್ಲಿಸಿದ್ದನ್ನು ಮ್ಯಾಕ್‌ಬೆತ್ ಅವಳಿಗೆ ಹೇಳಿದ್ದು ನಾವು ಎಲ್ಲೂ ನೋಡಿಲ್ಲ. ಹೇಳದೇ ಇಟ್ಟದ್ದೆಲ್ಲ ಅವಳಿಗೆ ತಲುಪಿದೆ. ದಾಸಿಯೂ ತಾನು ಕೇಳಿದ್ದನ್ನು ವೈದ್ಯನಿಗೆ ಹೇಳಲು ಒಪ್ಪುವುದಿಲ್ಲ, ನನ್ನ ಮಾತಿಗೆ ಸಾಕ್ಷಿ ಇಲ್ಲ ಅನ್ನುತ್ತಾಳೆ. ಸಣ್ಣ ಪಾತ್ರ ಅಂತ ಇದನ್ನು ಓಡಿಸಿಬಿಡುತ್ತಾರೆ. ದೇಶ ಯಾವ ಸ್ಥಿತಿಗೆ ಬಂದಿದೆ ಅನ್ನುವುದು ಆ ಒಂದು ಮಾತಿನಲ್ಲಿದೆ, ಹಾಗಾಗಿ ತಂಡದ ಅನುಭವಿ ನಟಿಯೊಬ್ಬರಿಗೆ ಆ ಪಾತ್ರ ಕೊಟ್ಟೆ.

ಕೊನೆಯ ಕತ್ತಿವರಸೆ ಬೇಗ ಮುಗಿಸಿದೆವು. ಆದರೆ ಹೊಸ ರಾಜನಾಗುವ ಡಂಕನ್‌ನ ಮಗ ಮಾಲ್ಕಮ್‌ನ ಕಡೆಯ ಭಾಷಣ, ಅನೇಕರು ಕತ್ತರಿಸುವಂಥದ್ದು, ಪೂರ್ತಿ ಇಟ್ಟೆ. ಸರದಾರರಿಗೆಲ್ಲ ಹೊಸ ಬಿರುದು ಹಂಚುತ್ತಾನೆ, ಆಮೇಲೆ ಸತ್ತ ಇಬ್ಬರನ್ನೂ ಕಟುಕ, ಪಿಶಾಚಿಯಂಥ ರಾಣಿ ಅಂತ ಎರಡೇ ಮಾತಿನಲ್ಲಿ ಮುಗಿಸುತ್ತಾನೆ. ಆ ಪಾತ್ರದ ಹುಡುಗ ಇದನ್ನು ವ್ಯಂಗ್ಯವಾಗಿ ಹೇಳಲೇ ಅಂತ ಕೇಳಿದ. ಬೇಡ, ನಂಬಿಕೊಂಡೇ ಹೇಳು ಅಂದೆ. ಮಾಲ್ಕಮ್ ಆ ಪತ್ರ ಓದಿಲ್ಲ, ನಿದ್ದೆನಡಿಗೆ ನೋಡಿಲ್ಲ. ಅವನಿಗೆ ಗೊತ್ತಿರುವುದು ಅಷ್ಟೇ.